ದೂರದರ್ಶಕಕ್ಕೊಂದು ಪೀಠ

(ಬಾನುಲಿ ಭಾಷಣ)

ಆಕಾಶವನ್ನು ನೋಡಬೇಕೆಂಬ ಆಸೆ ಹುಟ್ಟಿ, ಅದಕ್ಕಾಗಿ ದೂರದರ್ಶಕವೊಂದನ್ನು ಕೊಳ್ಳಲು ಹೊರಟವರು ಸಾಮಾನ್ಯವಾಗಿ ಎರಡು ಪ್ರಶ್ನೆಗಳನ್ನು ಕೇಳುತ್ತಾರೆ. ಅದರ ಗಾಜು ಎಷ್ಟು ದೊಡ್ಡದು ಎಂಬುದು ಮೊದಲನೆಯದು. ಎಷ್ಟು ಪಟ್ಟು ಹಿಗ್ಗಿಸಿ ತೋರಿಸುತ್ತದೆ ಎಂಬುದು ಎರಡನೆಯದು. ಮೂರನೆಯ ಪ್ರಶ್ನೆಯೊಂದುಂಟು, ಅದನ್ನು ಕೇಳುವವರು ವಿರಳ. ಈ ಕೊಳವೆ ಯಾವುದರ ಮೇಲೆ ನಿಲ್ಲುತ್ತದೆ, ಹೇಗೆ ತಿರುಗುತ್ತದೆ ಎಂಬುದೇ ಆ ಪ್ರಶ್ನೆ. ಹೊಸಬರ ಪಾಲಿಗೆ ಮೊದಲೆರಡು ಪ್ರಶ್ನೆಗಳಿಗಿಂತ ಈ ಮೂರನೆಯದೇ ಮುಖ್ಯವೆಂದು ನಾನು ಕಷ್ಟಪಟ್ಟು ಕಲಿತೆ. ಇಂದಿನ ನನ್ನ ಮಾತು ಅದನ್ನು ಕುರಿತದ್ದು.

ನಾನು ವಿಜ್ಞಾನದ ವಿದ್ಯಾರ್ಥಿಯಲ್ಲ. ಕನ್ನಡ ಎಂ.ಎ. ಮಾಡಿ, ಕಾಲೇಜಿನಲ್ಲಿ ಹಳಗನ್ನಡ ಕಾವ್ಯಗಳನ್ನು ಪಾಠ ಹೇಳಿ ನಿವೃತ್ತನಾದವನು. ಆದುದರಿಂದ ಬಲ್ಲವನ ಧಾಟಿಯಲ್ಲಿ ಮಾತಾಡುವ ಅಧಿಕಾರ ನನಗಿಲ್ಲ. ತಪ್ಪು ಮಾಡಿ ತಿದ್ದಿಕೊಂಡವನ ಅಧಿಕಾರ ಮಾತ್ರ ಉಂಟು. ದೂರದರ್ಶಕವನ್ನು ಹೊತ್ತು ನಿಲ್ಲುವ ಆಧಾರವನ್ನು ಇಂಗ್ಲಿಷಿನಲ್ಲಿ ಮೌಂಟ್ ಎನ್ನುತ್ತಾರೆ. ನಾನು ಅದನ್ನು ಪೀಠವೆಂದು ಕರೆಯುತ್ತೇನೆ. ಗ್ರಂಥಕ್ಕೆ ಪೀಠಿಕೆ ಇಲ್ಲದಿದ್ದರೂ ನಡೆದೀತು. ದೂರದರ್ಶಕಕ್ಕೆ ಪೀಠವಿಲ್ಲದೆ ನಡೆಯದು.

ಏಕೆಂಬುದನ್ನು ಒಂದು ಸಣ್ಣ ಲೆಕ್ಕದಿಂದ ತಿಳಿಯಬಹುದು. ನೂರು ಪಟ್ಟು ಹಿಗ್ಗಿಸುವ ದೂರದರ್ಶಕವು ಚಂದ್ರನನ್ನು ಮಾತ್ರ ನೂರು ಪಟ್ಟು ಹಿಗ್ಗಿಸುವುದಿಲ್ಲ. ತನ್ನ ನಡುಕವನ್ನೂ ನೂರು ಪಟ್ಟು ಹಿಗ್ಗಿಸುತ್ತದೆ. ಒಂದು ಮೀಟರ್ ಉದ್ದದ ಕೊಳವೆಯ ಒಂದು ತುದಿ ನೆಲೆಯಾಗಿದ್ದು ಇನ್ನೊಂದು ತುದಿ ಒಂದೇ ಒಂದು ಮಿಲಿಮೀಟರ್ ಅಲುಗಿತೆನ್ನಿ. ಅದರೊಳಗೆ ಕಾಣುವ ಗುರುಗ್ರಹದ ಬಿಂಬ ತನ್ನ ಅಗಲದ ನಾಲ್ಕು ಪಟ್ಟಿಗೂ ಮಿಗಿಲಾದ ದೂರಕ್ಕೆ ನೆಗೆಯುತ್ತದೆ. ಕಣ್ಣಿಟ್ಟು ನೋಡುವ ಚಿಕ್ಕ ಮಸೂರವುಂಟಷ್ಟೆ, ನೇತ್ರಕವೆಂದು ಅದಕ್ಕೆ ಹೆಸರು. ಅದನ್ನು ಹೊಂದಿಸಲು ತಿರುಪನ್ನು ಮುಟ್ಟಿದರೆ ಸಾಕು, ಇಷ್ಟು ಅಲುಗಾಟವಾಗುತ್ತದೆ. ಗಾಳಿ ಬೀಸಿದರೂ ಆಗುತ್ತದೆ.

ಇದರ ಜೊತೆಗೆ ಭೂಮಿಯೂ ಸುಮ್ಮನಿರುವುದಿಲ್ಲ. ಅದು ಗಂಟೆಗೆ ೧೫ ಡಿಗ್ರಿಯಷ್ಟು, ಅಂದರೆ ನಾಲ್ಕು ನಿಮಿಷಕ್ಕೆ ಒಂದು ಡಿಗ್ರಿ ತಿರುಗುತ್ತದೆ. ನೂರು ಪಟ್ಟು ಹಿಗ್ಗಿಸಿದಾಗ ಸಾಧಾರಣ ನೇತ್ರಕದಲ್ಲಿ ಕಾಣುವ ಆಕಾಶದ ಅಗಲ ಸುಮಾರು ಅರ್ಧ ಡಿಗ್ರಿ. ಹಾಗಾಗಿ ನಡುವೆ ತಂದು ನಿಲ್ಲಿಸಿದ ಗ್ರಹ ಒಂದು ನಿಮಿಷದಲ್ಲಿ ಅಂಚಿಗೆ ಬಂದು ಕಣ್ಮರೆಯಾಗುತ್ತದೆ. ಪೀಠಕ್ಕೆ ಎರಡು ಕರ್ತವ್ಯಗಳೆಂದು ಇದರಿಂದ ಸಿದ್ಧವಾಯಿತು: ಕೊಳವೆಯನ್ನು ಅಲುಗದಂತೆ ಹಿಡಿಯಬೇಕು, ಬೇಕಾದಾಗ ನವಿರಾಗಿ ಸರಿಯಗೊಡಬೇಕು. ಈ ಎರಡನ್ನೂ ಒಟ್ಟಿಗೆ ಮಾಡದ ಪೀಠದ ಮೇಲೆ ಎಂಥ ಉತ್ತಮ ಗಾಜನ್ನು ಕೂರಿಸಿದರೂ ವ್ಯರ್ಥ.

ಈ ವಿವೇಕ ನನಗೆ ೨೦೨೦ನೆಯ ಇಸವಿಯಲ್ಲಿ ಇರಲಿಲ್ಲ. ಆ ವರ್ಷದ ಡಿಸೆಂಬರ್ ೨೧ರಂದು ಗುರು ಶನಿಗಳೆರಡೂ ಆಕಾಶದಲ್ಲಿ ಒಂದು ಡಿಗ್ರಿಯ ಹತ್ತನೆಯ ಒಂದು ಪಾಲಿನಷ್ಟು ಸಮೀಪಕ್ಕೆ ಬಂದವು. ಅವು ಸುಮಾರು ೨೦ ವರ್ಷಗಳಿಗೊಮ್ಮೆ ಸಂಧಿಸುತ್ತವೆ. ಆದರೆ ೧೬೨೩ರ ಅನಂತರ ಅಷ್ಟು ಹತ್ತಿರ ಬಂದಿರಲಿಲ್ಲ. ಎರಡು ಗ್ರಹಗಳನ್ನೂ ಅವುಗಳ ಚಂದ್ರರ ಸಮೇತ ಒಂದೇ ನೋಟದಲ್ಲಿ ಕಾಣುವ ಅವಕಾಶ. ನನ್ನ ಮೊಮ್ಮಗಳಿಗೆ ಆಗ ಹತ್ತು ವರ್ಷ. ಸಾಂಕ್ರಾಮಿಕ ರೋಗದ ದೆಸೆಯಿಂದ ಶಾಲೆಯಿಲ್ಲದೆ ನಮ್ಮ ಮನೆಯಲ್ಲಿಯೇ ಇದ್ದಳು. ಅವಳಿಗೆ ಈ ನೋಟವನ್ನು ತೋರಿಸಬೇಕೆಂದು ದೂರದರ್ಶಕವೊಂದನ್ನು ತರಿಸಿದೆ. ೧೧೪ ಮಿಲಿಮೀಟರ್ ಅಗಲದ ನಿಮ್ನದರ್ಪಣ, ೯೦೦ ಮಿಲಿಮೀಟರ್ ಸಂಗಮದೂರ. ಪೆಟ್ಟಿಗೆಯ ಮೇಲೆ ಆರುನೂರು ಪಟ್ಟಿಗೂ ಮೀರಿ ಹಿಗ್ಗಿಸುತ್ತದೆಂದು ಅಚ್ಚಾಗಿತ್ತು. ಮಿಲಿಮೀಟರಿಗೆ ಎರಡು ಪಟ್ಟಿನಂತೆ, ಅಂಥ ದರ್ಪಣಕ್ಕೆ ಇನ್ನೂರು ಚಿಲ್ಲರೆ ಪಟ್ಟೇ ಮಿತಿಯೆಂಬುದು ನನಗೆ ತಿಳಿದದ್ದು ಆಮೇಲೆ.

ಅದರ ಪೀಠ ನೋಡಲು ಬಹು ಗಂಭೀರವಾಗಿತ್ತು. ಮೂರು ಅಲ್ಯೂಮಿನಿಯಂ ಕಾಲುಗಳು, ಅವುಗಳ ಮೇಲೆ ಓರೆಯಾದ ಅಚ್ಚು, ಅಂಕಿಗಳನ್ನು ಕೊರೆದ ಬಳೆಗಳು, ಒಂದು ಕಡೆಗೆ ಸಮತೂಕದ ಕಬ್ಬಿಣದ ಗುಂಡು. ಇದನ್ನು ಕಂಡೇ ನಾನು ಮನಸೋತದ್ದು. ಇಷ್ಟು ತಿರುಪುಗಳಿರುವ ವಸ್ತು ಶಾಸ್ತ್ರೀಯವಾದದ್ದೇ ಇರಬೇಕೆಂದು ಭಾವಿಸಿದೆ. ಆ ಸಂಜೆ ನೈಋತ್ಯದ ಆಕಾಶದಲ್ಲಿ ಗ್ರಹಗಳು ಇಳಿಯುತ್ತಿದ್ದವು. ನಾನು ತಾರಸಿಯ ಮೇಲೆ ತಿರುಪುಗಳೊಡನೆ ಗುದ್ದಾಡುತ್ತಿದ್ದೆ. ಗ್ರಹಗಳು ಕೊನೆಗೆ ಕಣ್ಣಿಗೆ ಬಿದ್ದವು, ಆದರೆ ನಿಲ್ಲಲಿಲ್ಲ. ಎರಡು ಬೆಳಕಿನ ಕಿಡಿಗಳು ಮೇಲಕ್ಕೂ ಕೆಳಕ್ಕೂ ಕುಣಿದು, ಕುಣಿತ ನಿಲ್ಲುವಷ್ಟರಲ್ಲಿ ಅಂಚಿನಾಚೆ ಸರಿದುಹೋಗುತ್ತಿದ್ದವು. ನೋಡಲು ಬಂದ ನೆರೆಯ ಹಿರಿಯರೊಬ್ಬರು, ‘ಮಿಣುಕುಹುಳ ಕಂಡ ಹಾಗಿದೆ ಮೇಷ್ಟ್ರೇ’ ಎಂದರು. ಮಗು ಏನೂ ಹೇಳಲಿಲ್ಲ. ಒಂದು ತಿಂಗಳ ಮೇಲೆ, ಚಂದ್ರನನ್ನಾದರೂ ನೋಡೋಣ ಬಾ ಎಂದು ನಾನು ಕರೆದಾಗ ಅವಳು ಹೇಳಿದ ಮಾತು ಇದು: ‘ಬೇಡ ತಾತ, ಅದು ಬರೀ ಅಲ್ಲಾಡುತ್ತೆ.’ ದೂರದರ್ಶಕ ಅಟ್ಟ ಸೇರಿತು. ಅದರೊಡನೆ ಮಗುವಿನ ಆಸೆಯನ್ನೂ ನಾನೇ ಅಟ್ಟಕ್ಕೆ ಹಾಕಿದೆನೆಂಬ ಕೊರಗು ನನಗೆ ಉಳಿಯಿತು.

ನನ್ನ ತಪ್ಪು ಎಲ್ಲಿತ್ತು ಎಂಬುದನ್ನು ತಿಳಿಯಲು ಪೀಠಗಳ ವಿಚಾರವನ್ನು ಓದತೊಡಗಿದೆ. ಪೀಠಗಳಲ್ಲಿ ಮುಖ್ಯವಾಗಿ ಎರಡು ಜಾತಿ. ಒಂದನ್ನು ನೇರ ಪೀಠವೆನ್ನೋಣ. ಇದರಲ್ಲಿ ಕೊಳವೆಯು ದಿಗಂತಕ್ಕೆ ಸಮನಾಗಿ ಎಡಬಲಕ್ಕೆ ತಿರುಗುತ್ತದೆ, ದಿಗಂತದಿಂದ ಮೇಲಕ್ಕೂ ಕೆಳಕ್ಕೂ ಏರಿಳಿಯುತ್ತದೆ. ಕೋಟೆಯ ಮೇಲಿನ ತೋಪನ್ನು ತಿರುಗಿಸುವ ಕ್ರಮವೇ ಇದು. ಅಂಗಡಿಯವರು ಇದನ್ನು ಆಲ್ಟಜಿಮತ್ ಎನ್ನುತ್ತಾರೆ. ಇನ್ನೊಂದು ಓರೆ ಪೀಠ. ಇದರ ಒಂದು ಅಚ್ಚು ಭೂಮಿಯ ಅಕ್ಷಕ್ಕೆ ಸಮಾಂತರವಾಗಿ, ಧ್ರುವದ ಕಡೆಗೆ ಮುಖ ಮಾಡಿ ಓರೆಯಾಗಿರುತ್ತದೆ. ಭೂಮಿ ಪೂರ್ವಕ್ಕೆ ತಿರುಗಿದಷ್ಟೇ ವೇಗದಲ್ಲಿ ಈ ಒಂದು ಅಚ್ಚನ್ನು ಪಶ್ಚಿಮಕ್ಕೆ ತಿರುಗಿಸುತ್ತ ಹೋದರೆ ನಕ್ಷತ್ರ ನೋಟದ ನಡುವೆ ನಿಂತೇ ಇರುತ್ತದೆ. ಇದಕ್ಕೆ ಈಕ್ವಟೋರಿಯಲ್ ಎಂದು ಹೆಸರು.

ಈ ಎರಡು ತತ್ತ್ವಗಳೂ ದೂರದರ್ಶಕಕ್ಕೆ ಮಾತ್ರ ಸೇರಿದವಲ್ಲ. ಹದಿನೆಂಟನೆಯ ಶತಮಾನದಲ್ಲಿ ಸವಾಯಿ ಜಯಸಿಂಹ ಜಯಪುರದಲ್ಲಿ ಕಟ್ಟಿಸಿದ ಜಂತರ್ ಮಂತರ್‌ಗೆ ಹೋದವರು ಎರಡನ್ನೂ ಒಂದೇ ಅಂಗಳದಲ್ಲಿ ಕಾಣಬಹುದು. ಅಲ್ಲಿನ ರಾಮಯಂತ್ರ ಗ್ರಹ ನಕ್ಷತ್ರಗಳ ಎತ್ತರವನ್ನೂ ದಿಕ್ಕನ್ನೂ ಅಳೆಯುವಂಥದು. ಅದು ನೇರ ಪೀಠದ ಲೆಕ್ಕ. ಸಮ್ರಾಟ್ ಯಂತ್ರದ ಮಹಾಸೋಪಾನ ಜಯಪುರದ ಅಕ್ಷಾಂಶಕ್ಕೆ ತಕ್ಕಂತೆ ೨೭ ಡಿಗ್ರಿ ಓರೆಯಾಗಿ ಧ್ರುವದತ್ತ ಏರುತ್ತದೆ. ಅದು ಓರೆ ಪೀಠದ ಲೆಕ್ಕ.

ಯೂರೋಪಿನಲ್ಲಿ ವಿಲಿಯಂ ಹರ್ಷೆಲ್ ೧೭೮೧ರ ಮಾರ್ಚ್ ೧೩ರಂದು ಬಾತ್ ನಗರದ ತನ್ನ ಮನೆಯ ತೋಟದಲ್ಲಿ ಯುರೇನಸ್ ಗ್ರಹವನ್ನು ಕಂಡಾಗ ಅವನ ಆರು ಅಂಗುಲದ ದೂರದರ್ಶಕವನ್ನು ಹೊತ್ತಿದ್ದುದು ಮರದ ನೇರ ಪೀಠವೇ. ಓರೆ ಪೀಠಕ್ಕೆ ಮಹತ್ವದ ರೂಪ ಕೊಟ್ಟವನು ಜರ್ಮನಿಯ ಫ್ರೌನ್‌ಹೋಫರ್. ಇಂದು ಎಸ್ಟೋನಿಯಾದಲ್ಲಿರುವ ತಾರ್ತು ನಗರದ ವೀಕ್ಷಣಾಲಯದಲ್ಲಿ ೧೮೨೪ರಲ್ಲಿ ನೆಲೆಗೊಂಡ ಅವನ ದೂರದರ್ಶಕ ಗಡಿಯಾರದ ಯಂತ್ರದಿಂದ ತಾನಾಗಿ ನಕ್ಷತ್ರವನ್ನು ಹಿಂಬಾಲಿಸುತ್ತಿತ್ತು. ಮುಂದೆ ಛಾಯಾಗ್ರಹಣ ಬಂದು, ಗಂಟೆಗಟ್ಟಲೆ ಒಂದೇ ನಕ್ಷತ್ರದ ಮೇಲೆ ದೃಷ್ಟಿ ನೆಡಬೇಕಾದಾಗ ಓರೆ ಪೀಠ ಅನಿವಾರ್ಯವಾಯಿತು. ಗಂಭೀರ ವೀಕ್ಷಕನೆಂದರೆ ಓರೆ ಪೀಠ ಎಂಬ ನಂಬಿಕೆ ಬೆಳೆದುಬಂದದ್ದು ಹೀಗೆ. ನಾನು ಮರುಳಾದದ್ದೂ ಆ ನಂಬಿಕೆಗೇ.

ಓರೆ ಪೀಠವನ್ನು ಹಳಿಯುವುದು ನನ್ನ ಉದ್ದೇಶವಲ್ಲ. ಗಟ್ಟಿಯಾಗಿ ಮಾಡಿದ, ತೂಕವುಳ್ಳ ಓರೆ ಪೀಠ ಅತ್ಯುತ್ತಮ ಸಾಧನ. ಆದರೆ ಹೊಸಬನಿಗೆ, ಅದರಲ್ಲಿಯೂ ನಮ್ಮ ನಾಡಿನ ಹೊಸಬನಿಗೆ, ಅದರಿಂದ ಆಗುವ ತೊಡಕುಗಳು ಕೆಲವುಂಟು. ಮೊದಲನೆಯದು, ಅದರ ಅಚ್ಚು ಧ್ರುವವನ್ನು ನೋಡುತ್ತಿರಬೇಕು. ಧ್ರುವನಕ್ಷತ್ರ ದಿಗಂತದಿಂದ ಎಷ್ಟು ಎತ್ತರದಲ್ಲಿರುತ್ತದೆ? ಊರಿನ ಅಕ್ಷಾಂಶ ಎಷ್ಟೋ ಹೆಚ್ಚುಕಡಮೆ ಅಷ್ಟು. ಲಂಡನ್ನಿನಲ್ಲಿ ಅದು ೫೧ ಡಿಗ್ರಿ ಎತ್ತರದಲ್ಲಿ ಎಲ್ಲರ ಕಣ್ಣಿಗೂ ಬೀಳುವಂತಿದೆ. ಬೀದರಿನಲ್ಲಿ ೧೮, ಧಾರವಾಡದಲ್ಲಿ ಹದಿನೈದೂವರೆ, ಬೆಂಗಳೂರಿನಲ್ಲಿ ೧೩, ಮೈಸೂರಿನಲ್ಲಿ ಹನ್ನೆರಡು ಡಿಗ್ರಿ ಚಿಲ್ಲರೆ. ಚಾಚಿದ ತೋಳಿನ ತುದಿಯಲ್ಲಿ ಮುಷ್ಟಿ ಹಿಡಿದರೆ ಅದರ ಅಗಲ ಸುಮಾರು ಹತ್ತು ಡಿಗ್ರಿ. ಹೀಗೆ ದಿಗಂತದಿಂದ ಒಂದು ಮುಷ್ಟಿಯಷ್ಟೇ ಮೇಲಿರುವ, ತೀರ ಪ್ರಕಾಶಮಾನವೂ ಅಲ್ಲದ ನಕ್ಷತ್ರ ಊರಿನ ಧೂಳು ಬೆಳಕುಗಳಲ್ಲಿ ಮಾಸಿಹೋಗುತ್ತದೆ. ನಮ್ಮ ಮನೆಯ ತಾರಸಿಯಿಂದ ನೋಡಿದರೆ ಧ್ರುವ ಇರುವುದು ಎದುರುಮನೆಯ ನೀರಿನ ತೊಟ್ಟಿಯ ಹಿಂದೆ. ಕಣ್ಣಿನಿಂದ ನೋಡುವಷ್ಟಕ್ಕೆ ದಿಕ್ಸೂಚಿಯಿಟ್ಟು ಅಂದಾಜು ಹೊಂದಿಸಿಕೊಂಡರೂ ಸಾಕು, ನಿಜ. ಆದರೆ ಅದನ್ನು ಹೊಸಬನಿಗೆ ಹೇಳುವವರು ಯಾರು?

ಎರಡನೆಯ ತೊಡಕು ಯಂತ್ರದ್ದು. ಈ ಪೀಠಗಳ ವಿನ್ಯಾಸ ಬಹುಮಟ್ಟಿಗೆ ಬೆಳೆದದ್ದು ಯೂರೋಪು ಅಮೆರಿಕಗಳಲ್ಲಿ. ನಮ್ಮ ಅಕ್ಷಾಂಶಕ್ಕೆ ಅಚ್ಚನ್ನು ಇಳಿಸಿದರೆ ಅದು ಹೆಚ್ಚುಕಡಮೆ ಮಲಗಿಬಿಡುತ್ತದೆ. ಕೆಲವು ಅಗ್ಗದ ಪೀಠಗಳು ಅಷ್ಟು ಕೆಳಕ್ಕೆ ಇಳಿಯುವುದೇ ಇಲ್ಲ. ಇಳಿದರೂ ಸಮತೂಕದ ಗುಂಡು ಬಂದು ಮುಕ್ಕಾಲಿಯ ಕಾಲಿಗೆ ಬಡಿಯುತ್ತದೆ. ನನ್ನದು ಬಡಿಯುತ್ತಿತ್ತು. ನಮ್ಮ ಅಕ್ಷಾಂಶದಲ್ಲಿ ಓರೆ ಪೀಠ ಅಸಾಧ್ಯವೆಂದಲ್ಲ. ನೆರೆಯ ತಮಿಳುನಾಡಿನ ಕಾವಲೂರು ಹನ್ನೆರಡೂವರೆ ಡಿಗ್ರಿ ಅಕ್ಷಾಂಶದಲ್ಲಿದೆ. ಅಲ್ಲಿ ೧೯೮೬ರಲ್ಲಿ ಉದ್ಘಾಟನೆಯಾದ ೨.೩ ಮೀಟರಿನ ವೈನು ಬಾಪು ದೂರದರ್ಶಕ ಕೂತಿರುವುದು ಓರೆ ಪೀಠದ ಮೇಲೆಯೇ. ಆದರೆ ಅದನ್ನು ಹೊತ್ತಿರುವುದು ಕುದುರೆಲಾಳದ ಆಕಾರದ, ಆ ಸ್ಥಳಕ್ಕೆಂದೇ ರಚಿಸಿದ ಉಕ್ಕಿನ ಮಹಾರಚನೆ. ಅಂಗಡಿಯ ಅಲ್ಯೂಮಿನಿಯಂ ಕಾಲುಗಳಿಗೆ ಆ ಶಕ್ತಿಯೆಲ್ಲಿಂದ ಬಂದೀತು? ಮೂರನೆಯ ತೊಡಕೂ ಒಂದಿದೆ. ದರ್ಪಣದ ದೂರದರ್ಶಕವನ್ನು ಓರೆ ಪೀಠದಲ್ಲಿ ಆಕಾಶದ ಒಂದು ಮೂಲೆಯಿಂದ ಇನ್ನೊಂದಕ್ಕೆ ತಿರುಗಿಸಿದರೆ ನೇತ್ರಕ ಒಮ್ಮೆ ಮೇಲಕ್ಕೂ ಇನ್ನೊಮ್ಮೆ ಅಡಿಗೂ ಹೋಗಿ ಕೂರುತ್ತದೆ. ಮಗುವಿಗೆ ಅದು ಎಟುಕುವುದಿಲ್ಲ, ಮುದುಕನಿಗೆ ಬಗ್ಗಲಾಗುವುದಿಲ್ಲ.

ಹಾಗಾದರೆ ನೇರ ಪೀಠವೇ ಗತಿ. ಆದರೆ ಅದರಲ್ಲಿಯೂ ಒಳ್ಳೆಯದು ಕೆಟ್ಟದ್ದು ಉಂಟು. ಛಾಯಾಚಿತ್ರಗಾರರ ಮುಕ್ಕಾಲಿಯನ್ನು ಹೋಲುವ ಸಣಕಲು ನೇರ ಪೀಠ ನನ್ನ ಓರೆ ಪೀಠದಷ್ಟೇ ನಡುಗುತ್ತದೆ. ಕಡಮೆ ವೆಚ್ಚದಲ್ಲಿ ನಡುಗದ ನೇರ ಪೀಠವನ್ನು ಲೋಕಕ್ಕೆ ಕೊಟ್ಟ ಕೀರ್ತಿ ಜಾನ್ ಡಾಬ್ಸನ್ ಎಂಬಾತನದು. ಆತನ ಕಥೆ ಕನ್ನಡಿಗರಿಗೂ ಆಪ್ತವಾಗುವಂಥದು.

ಡಾಬ್ಸನ್ ೧೯೧೫ರಲ್ಲಿ ಬೀಜಿಂಗಿನಲ್ಲಿ ಹುಟ್ಟಿದ ಅಮೆರಿಕನ್. ರಸಾಯನಶಾಸ್ತ್ರ ಓದಿದವನು. ೧೯೪೪ರಲ್ಲಿ ಸ್ಯಾನ್‌ಫ್ರಾನ್ಸಿಸ್ಕೋದ ವೇದಾಂತ ಸೊಸೈಟಿಯ ಮಠವನ್ನು, ಎಂದರೆ ಶ್ರೀರಾಮಕೃಷ್ಣ ಪರಂಪರೆಯ ಸನ್ಯಾಸಿಗಳ ಮಠವನ್ನು ಸೇರಿದ. ಮಠದಲ್ಲಿ ಇದ್ದುಕೊಂಡೇ ದೂರದರ್ಶಕ ಮಾಡುವ ಹವ್ಯಾಸ ಹತ್ತಿತು. ಸನ್ಯಾಸಿಯ ಬಳಿ ಹಣವೆಲ್ಲಿಯದು? ಹಳೆಯ ಹಡಗುಗಳ ಕಿಟಕಿಯ ದಪ್ಪ ಗಾಜನ್ನು ಕೈಯಿಂದ ಉಜ್ಜಿ ದರ್ಪಣ ಮಾಡಿದ. ಕಾಂಕ್ರೀಟು ಕಂಬ ಎರೆಯಲು ಬಳಸುವ ರಟ್ಟಿನ ಕೊಳವೆ ದೂರದರ್ಶಕದ ಕೊಳವೆಯಾಯಿತು. ಮರದ ಹಲಗೆಗಳಿಂದ ಒಂದು ಪೆಟ್ಟಿಗೆ ಪೀಠವಾಯಿತು. ರಾತ್ರಿಯ ಹೊತ್ತು ಅದನ್ನು ಬೀದಿಗೆ ತಂದು ದಾರಿಹೋಕರಿಗೆ ಚಂದ್ರನನ್ನು ತೋರಿಸುತ್ತಿದ್ದ. ಹೀಗೆ ಮಠದಿಂದ ಹೊರಗೆ ಕಳೆಯುವ ಹೊತ್ತು ಹೆಚ್ಚಾಯಿತು. ೧೯೬೭ರಲ್ಲಿ ಅವನು ಮಠವನ್ನು ಬಿಡಬೇಕಾಯಿತು. ಮರುವರ್ಷ ಅವನೂ ಅವನ ಎಳೆಯ ಗೆಳೆಯರೂ ಸೇರಿ ‘ಕಾಲುದಾರಿಯ ಖಗೋಳಜ್ಞರು’ ಎಂಬರ್ಥದ ಹೆಸರಿನ ಸಂಘ ಕಟ್ಟಿ, ಬೀದಿ ಬೀದಿಯಲ್ಲಿ ಆಕಾಶ ತೋರಿಸುವುದನ್ನೇ ವ್ರತ ಮಾಡಿಕೊಂಡರು. ೨೦೧೪ರಲ್ಲಿ, ೯೮ನೆಯ ವಯಸ್ಸಿನಲ್ಲಿ ಆತ ತೀರಿಕೊಂಡ. ಇಂದು ಲೋಕದ ಎಲ್ಲೆಡೆ ಆ ಪೆಟ್ಟಿಗೆ ಪೀಠಕ್ಕೆ ಡಾಬ್ಸೋನಿಯನ್ ಎಂದೇ ಹೆಸರು.

ಆ ಪೆಟ್ಟಿಗೆಯ ರಚನೆ ಬೀಸುವ ಕಲ್ಲನ್ನು ಬಲ್ಲವರಿಗೆ ಕೂಡಲೇ ಅರ್ಥವಾಗುತ್ತದೆ. ನೆಲದ ಮೇಲೆ ಮೂರು ಗಿಡ್ಡ ಕಾಲಿನ ಒಂದು ಹಲಗೆ. ಅದರ ನಡುವೆ ಗೂಟದಂತೆ ಒಂದು ಬೋಲ್ಟು. ಆ ಗೂಟದ ಸುತ್ತ ತಿರುಗುವ ಮೇಲಿನ ಹಲಗೆ. ಅದರ ಮೇಲೆ ಎರಡು ಪಕ್ಕದ ಗೋಡೆಗಳು, ಅವುಗಳನ್ನು ಬಿಗಿದು ನಿಲ್ಲಿಸುವ ಮುಂಗೋಡೆ. ಗೋಡೆಗಳ ನೆತ್ತಿಯಲ್ಲಿ ಎರಡು ಕಚ್ಚುಗಳು. ಕೊಳವೆಯ ಇಕ್ಕೆಲಗಳಲ್ಲಿ ಎರಡು ದುಂಡು ಬಿಲ್ಲೆಗಳು. ಅವು ಆ ಕಚ್ಚುಗಳಲ್ಲಿ ತಮ್ಮ ಭಾರದಿಂದಲೇ ಕೂರುತ್ತವೆ. ಉದ್ದ ಕಾಲುಗಳಿಲ್ಲ, ಗುಂಡಿಲ್ಲ, ಬಿಗಿಯಬೇಕಾದ ತಿರುಪಿಲ್ಲ. ಭಾರವೆಲ್ಲ ನೆಲಕ್ಕೆ ಹತ್ತಿರವಾಗಿರುವುದರಿಂದ ಅಲುಗಾಟಕ್ಕೆ ಎಡೆಯಿಲ್ಲ.

ನನ್ನ ಹಳೆಯ ಕೊಳವೆಗೆ ಇಂಥ ಪೆಟ್ಟಿಗೆಯೊಂದನ್ನು ಮಾಡಿಸಲು ನಿಶ್ಚಯಿಸಿ ಪರಿಚಯದ ಬಡಗಿಯ ಬಳಿಗೆ ಹೋದೆ. ಮುಕ್ಕಾಲು ಅಂಗುಲ ದಪ್ಪದ ಪ್ಲೈವುಡ್ಡು ಸಾಕೆಂದು ಹೇಳಿದೆ. ನಕ್ಷೆ ನೋಡಿದ ಆಚಾರ್ರು, ‘ಮೇಷ್ಟ್ರೇ, ಅಡಿಗೆ ಒಂದು ಬೇರಿಂಗು ಹಾಕ್ಬಿಡೋಣ, ಬೆಣ್ಣೆ ಥರ ತಿರುಗುತ್ತೆ’ ಎಂದರು. ನನಗೂ ಸರಿಯೆನಿಸಿತು. ಮಾಡಿ ನೋಡಿದರೆ ಬೆಣ್ಣೆಯಂತೆಯೇ ತಿರುಗಿತು, ನಿಲ್ಲಲು ಒಪ್ಪಲಿಲ್ಲ. ನೇತ್ರಕಕ್ಕೆ ರೆಪ್ಪೆ ತಗುಲಿದರೂ ಕೊಳವೆ ಅತ್ತ ಹೋಗುತ್ತಿತ್ತು. ಈ ಪೀಠದ ಮರ್ಮ ಇರುವುದು ಘರ್ಷಣೆಯನ್ನು ತೆಗೆದುಹಾಕುವುದರಲ್ಲಿ ಅಲ್ಲ, ಹದವಾಗಿ ಉಳಿಸಿಕೊಳ್ಳುವುದರಲ್ಲಿ. ಬೇರಿಂಗನ್ನು ತೆಗೆಸಿದೆ. ಮೇಲಿನ ಹಲಗೆಯ ಅಡಿಗೆ ಸ್ವಲ್ಪ ತರಿತರಿಯಾದ ಸನ್‌ಮೈಕದ ಹಾಳೆ ಅಂಟಿಸಿ, ಕೆಳಗಿನ ಹಲಗೆಯ ಮೇಲೆ ಟೆಫ್ಲಾನಿನ ಮೂರು ತುಂಡುಗಳನ್ನು ಮೂರು ಕಾಲುಗಳ ನೇರಕ್ಕೆ ಕೂರಿಸಿದೆವು. ಬಿಲ್ಲೆಗಳು ಕೂರುವ ಕಚ್ಚುಗಳಿಗೂ ಅದೇ ಉಪಚಾರ. ಟೆಫ್ಲಾನಿನ ಗುಣವೇನೆಂದರೆ, ಹೊರಡಿಸಲು ಬೇಕಾದ ಬಲ ಮತ್ತು ಸರಿಸುತ್ತಿರಲು ಬೇಕಾದ ಬಲ ಇವೆರಡೂ ಹೆಚ್ಚುಕಡಮೆ ಸಮ. ಆದುದರಿಂದ ಕೊಳವೆ ಜಗ್ಗಿ ಜಿಗಿಯುವುದಿಲ್ಲ. ತಳ್ಳಿದರೆ ತಳ್ಳಿದಷ್ಟೇ ಸರಿಯುತ್ತದೆ. ಕೈಬಿಟ್ಟರೆ ಬಿಟ್ಟಲ್ಲಿ ನಿಲ್ಲುತ್ತದೆ. ಹಿತ್ತಲಿನ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಆ ಪೆಟ್ಟಿಗೆಯನ್ನು ಇಟ್ಟೆ. ಅದಕ್ಕಿಂತ ಗಟ್ಟಿಯಾದ ನೆಲೆ ನಮ್ಮ ಮನೆಯಲ್ಲಿ ಬೇರೆ ಇರಲಿಲ್ಲ.

ನೇರ ಪೀಠದಲ್ಲಿ ನಕ್ಷತ್ರವನ್ನು ಹಿಂಬಾಲಿಸಲು ಎರಡೂ ಕಡೆಗೆ ಸರಿಸಬೇಕಲ್ಲವೆ ಎಂಬ ಆಕ್ಷೇಪ ಉಂಟು. ನಿಜ. ಆದರೆ ಇಲ್ಲಿ ನಮ್ಮ ನಾಡಿನ ಅಕ್ಷಾಂಶ ನಮಗೆ ಅನುಕೂಲವಾಗಿದೆ. ಉತ್ತರದ ದೇಶಗಳಲ್ಲಿ ನಕ್ಷತ್ರಗಳು ಬಹಳ ಓರೆಯಾಗಿ ಹುಟ್ಟಿ ಓರೆಯಾಗಿ ಮುಳುಗುತ್ತವೆ. ನಮ್ಮಲ್ಲಿ ಅವು ಹೆಚ್ಚುಕಡಮೆ ನೆಟ್ಟಗೆ ಏರಿ ನೆಟ್ಟಗೆ ಇಳಿಯುತ್ತವೆ. ಆದುದರಿಂದ ಪೂರ್ವ ಪಶ್ಚಿಮಗಳಲ್ಲಿರುವ ಗ್ರಹವನ್ನು ನೋಡುವಾಗ ಕೊಳವೆಯನ್ನು ಮೇಲಕ್ಕೋ ಕೆಳಕ್ಕೋ ನವಿರಾಗಿ ಒತ್ತುತ್ತಿದ್ದರೆ ಬಹುಮಟ್ಟಿಗೆ ಸಾಕು. ಮಕ್ಕಳು ಇದನ್ನು ಹತ್ತು ನಿಮಿಷಗಳಲ್ಲಿ ಕಲಿಯುತ್ತಾರೆ.

ಈ ಪೀಠದ ದೋಷಗಳನ್ನೂ ಹೇಳಬೇಕು. ನಡುನೆತ್ತಿಯ ಮೇಲಿರುವುದನ್ನು ಹಿಡಿಯುವುದು ಇದರಲ್ಲಿ ಕಷ್ಟ. ಕೊಳವೆ ನೆಟ್ಟಗೆ ನಿಂತಾಗ ಎಡಬಲಕ್ಕೆ ತಿರುಗಿಸಲು ಹಿಡಿತವೇ ಸಿಗುವುದಿಲ್ಲ. ನಮ್ಮ ನಾಡಿನಲ್ಲಿ ಚಂದ್ರನೂ ಗ್ರಹಗಳೂ ಎಷ್ಟೋ ಸಲ ನೆತ್ತಿಯ ಸಮೀಪ ಹಾಯುವುದರಿಂದ ಇದು ಅನುಭವಕ್ಕೆ ಬಂದೇ ಬರುತ್ತದೆ. ಪರಿಹಾರ ಸುಲಭ: ಒಂದು ಗಂಟೆ ಮೊದಲು ನೋಡುವುದು, ಇಲ್ಲವೇ ಒಂದು ಗಂಟೆ ಕಾಯುವುದು. ಅಷ್ಟರಲ್ಲಿ ಆಕಾಶ ೧೫ ಡಿಗ್ರಿ ಸರಿದಿರುತ್ತದೆ. ಮಂಕಾದ ನೀಹಾರಿಕೆಗಳ ಚಿತ್ರಗಳನ್ನು ನಿಮಿಷಗಟ್ಟಲೆ ಬೆಳಕು ಹಿಡಿದು ತೆಗೆಯುವ ಆಸೆಯಿದ್ದವರಿಗೆ ಕೈಯಿಂದ ತಳ್ಳುವ ಈ ಪೆಟ್ಟಿಗೆ ಸಾಲದು. ಅವರು ಗಟ್ಟಿಯಾದ, ಮೋಟಾರುಳ್ಳ ಓರೆ ಪೀಠಕ್ಕೇ ಹೋಗಬೇಕು. ಅದರ ವೆಚ್ಚವೂ ಶ್ರಮವೂ ಬೇರೆ. ಚಂದ್ರನ ಚಿತ್ರವನ್ನು ಮಾತ್ರ ನೇತ್ರಕಕ್ಕೆ ಮೊಬೈಲು ಹಿಡಿದು ಯಾರಾದರೂ ತೆಗೆಯಬಹುದು.

ನೇರ ಪೀಠ ಹೊಸಬರ ಆಟಿಕೆ ಎಂಬ ಭಾವನೆ ಬೇಡ. ದೂರದರ್ಶಕಗಳು ಬೆಳೆದಂತೆ ಅವುಗಳ ಭಾರವನ್ನು ಓರೆಯಾಗಿ ಹೊರುವುದು ಕಷ್ಟವಾಯಿತು. ಗಣಕಯಂತ್ರ ಬಂದ ಮೇಲೆ ಎರಡು ಚಲನೆಗಳನ್ನು ಒಟ್ಟಿಗೆ ಲೆಕ್ಕಹಾಕಿ ನಡೆಸುವುದು ಸುಲಭವಾಯಿತು. ಸೋವಿಯತ್ ಒಕ್ಕೂಟ ೧೯೭೫ರಲ್ಲಿ ಕಾಕಸಸ್ ಪ್ರದೇಶದಲ್ಲಿ ನಿಲ್ಲಿಸಿದ ಆರು ಮೀಟರಿನ ದೂರದರ್ಶಕ ಈ ಹೊಸ ದಾರಿಯನ್ನು ಹಿಡಿಯಿತು. ಲಡಾಖಿನ ಹಾನ್ಲೆಯಲ್ಲಿ ೨೦೦೦ದಲ್ಲಿ ಸ್ಥಾಪಿತವಾದ ಎರಡು ಮೀಟರಿನ ಹಿಮಾಲಯನ್ ಚಂದ್ರ ದೂರದರ್ಶಕ ನೇರ ಪೀಠದ್ದೇ. ಬೆಂಗಳೂರಿನ ಪಕ್ಕದ ಹೊಸಕೋಟೆಯಲ್ಲಿ ಕುಳಿತ ಖಗೋಳ ವಿಜ್ಞಾನಿಗಳು ಉಪಗ್ರಹದ ಸಂಪರ್ಕದ ಮೂಲಕ ಅದನ್ನು ನಡೆಸುತ್ತಾರೆ. ೨೦೧೬ರಲ್ಲಿ ನೈನಿತಾಲಿನ ಬಳಿಯ ದೇವಸ್ಥಲದಲ್ಲಿ ಬಂದ ೩.೬ ಮೀಟರಿನ ದೂರದರ್ಶಕವೂ ಹಾಗೆಯೇ.

ಇನ್ನು ಕೊಳ್ಳುವವರಿಗೆ ನಾಲ್ಕು ಮಾತು. ಸಾಧ್ಯವಾದರೆ ಕಣ್ಣಾರೆ ನೋಡಿ, ಕೈಯಾರೆ ಮುಟ್ಟಿ ಕೊಳ್ಳಿರಿ. ದೂರದಲ್ಲಿರುವ ದೀಪವನ್ನೋ ಮರದ ತುದಿಯನ್ನೋ ನೇತ್ರಕದಲ್ಲಿ ಹಿಡಿದು, ಕೊಳವೆಯನ್ನು ಬೆರಳಿನಿಂದ ಮೆಲ್ಲಗೆ ತಟ್ಟಿರಿ. ನಡುಕ ಒಂದೆರಡು ಸೆಕೆಂಡಿನಲ್ಲಿ ಅಡಗಿದರೆ ಪೀಠ ಒಳ್ಳೆಯದು. ಐದಾರು ಸೆಕೆಂಡು ನಡುಗುತ್ತಿದ್ದರೆ ಬೆಲೆ ಎಷ್ಟೇ ಕಡಮೆಯಿರಲಿ, ಬೇಡ. ಕೊಳವೆಯನ್ನು ಸ್ವಲ್ಪ ಸರಿಸಿ ಕೈಬಿಡಿರಿ. ಅದು ಹಿಂದಕ್ಕೆ ಜಗ್ಗಿದರೆ ಅಥವಾ ತಾನಾಗಿ ಜಾರಿದರೆ ಅದೂ ಬೇಡ. ಗಾಜು ಒಂದು ಅಳತೆ ಚಿಕ್ಕದಾದರೂ ಚಿಂತೆಯಿಲ್ಲ, ಪೀಠ ಗಟ್ಟಿಯಾಗಿರಲಿ.

ಅಂಗಳವೋ ಹಿತ್ತಲೋ ಉಳ್ಳವರಿಗೆ ೧೫೦ ಮಿಲಿಮೀಟರ್ ದರ್ಪಣದ ಪೆಟ್ಟಿಗೆ ಪೀಠ ಯೋಗ್ಯವಾದದ್ದು. ಒಟ್ಟು ತೂಕ ೧೫ರಿಂದ ೨೦ ಕಿಲೋ. ಕೊಳವೆಯನ್ನೂ ಪೆಟ್ಟಿಗೆಯನ್ನೂ ಬೇರೆ ಬೇರೆಯಾಗಿ ಎರಡು ಸಲ ಹೊತ್ತು ತರಬಹುದು. ೨೦೦ ಮಿಲಿಮೀಟರಿನದು ಹೆಚ್ಚು ತೋರಿಸುತ್ತದೆ. ಆದರೆ ಅದರ ಭಾರ ೨೦ ಕಿಲೋ ಮೀರುತ್ತದೆ. ಮೂರನೆಯ ಮಹಡಿಯಲ್ಲಿ ಇರುವವರು ಮೆಟ್ಟಿಲುಗಳನ್ನು ನೆನೆದು ಕೊಳ್ಳಬೇಕು. ಹೊರಗೆ ತರಲಾಗದ ದೊಡ್ಡ ಕಣ್ಣಿಗಿಂತ ದಿನವೂ ತರಬಹುದಾದ ಚಿಕ್ಕ ಕಣ್ಣು ಲೇಸು. ಅಂಥವರಿಗೆ ಮೇಜಿನ ಮೇಲಿಡುವ ಗಿಡ್ಡ ಪೆಟ್ಟಿಗೆ ಪೀಠಗಳೂ ಉಂಟು. ಮೇಜು ಮಾತ್ರ ಅಲುಗದಿರಲಿ. ತಾನೇ ನಕ್ಷತ್ರ ಹುಡುಕಿಕೊಡುವ ಮೋಟಾರಿನ ಪೀಠಗಳನ್ನು ಮೊದಲಿಗೇ ಕೊಳ್ಳುವುದು ಅವಸರವೆಂದು ನನ್ನ ಅಭಿಪ್ರಾಯ. ಗಟ್ಟಿತನಕ್ಕೆ ಹೋಗಬೇಕಾದ ಹಣ ಮೋಟಾರಿಗೆ ಹೋಗುತ್ತದೆ.

ಸಾಧ್ಯವಾದಷ್ಟು ನೆಲದ ಮೇಲಿಟ್ಟು ನೋಡಿರಿ. ತಾರಸಿಯ ಮೇಲೆ ಒಬ್ಬರು ನಡೆದರೂ ನೋಟ ನಡುಗುತ್ತದೆ. ಹಗಲೆಲ್ಲ ಕಾದ ಕಾಂಕ್ರೀಟಿನಿಂದ ಏಳುವ ಬಿಸಿಗಾಳಿ ಬಿಂಬವನ್ನು ಕದಡುತ್ತದೆ. ಪೆಟ್ಟಿಗೆಗಳು ಅನೇಕವೇಳೆ ಮರದ ಹೊಟ್ಟನ್ನು ಒತ್ತಿ ಮಾಡಿದ ಹಲಗೆಯವು. ಮಲೆನಾಡು, ಕರಾವಳಿಗಳ ಮಳೆಗಾಲದ ತೇವಕ್ಕೆ ಅಂಚುಗಳಲ್ಲಿ ಉಬ್ಬುತ್ತವೆ. ಬಣ್ಣ ಬಳಿದು ಒಣ ಜಾಗದಲ್ಲಿಡಬೇಕು. ಕೂತು ನೋಡಲು ಒಂದು ಸ್ಟೂಲು ಇರಲಿ. ಕೂತ ಕಣ್ಣು ನಿಂತ ಕಣ್ಣಿಗಿಂತ ಹೆಚ್ಚು ಕಾಣುತ್ತದೆ. ಕೊನೆಯದಾಗಿ ಎಚ್ಚರಿಕೆಯ ಒಂದು ಮಾತು: ಯಾವ ದೂರದರ್ಶಕದಿಂದಲೂ, ಅದರ ಬಾಯಿಗೆ ತಕ್ಕ ಸೂರ್ಯಶೋಧಕವನ್ನು ಕಟ್ಟದೆ, ಕ್ಷಣಮಾತ್ರವೂ ಸೂರ್ಯನತ್ತ ನೋಡಕೂಡದು. ಕಣ್ಣು ಹೋಗುತ್ತದೆ.

ನಮ್ಮ ಪೆಟ್ಟಿಗೆ ಸಿದ್ಧವಾದದ್ದು ೨೦೨೧ರ ನವೆಂಬರಿನಲ್ಲಿ. ರಜೆಗೆ ಬಂದಿದ್ದ ಮೊಮ್ಮಗಳನ್ನು ಹಿತ್ತಲಿಗೆ ಕರೆದೆ. ಅವಳು ನನ್ನ ಮಾತಿಗೆ ಬೆಲೆಕೊಟ್ಟು ಬಂದಳೇ ಹೊರತು ಆಸೆಯಿಂದ ಬಂದವಳಲ್ಲ. ತೊಂಬತ್ತು ಪಟ್ಟಿನಲ್ಲಿ ಶನಿಗ್ರಹವನ್ನು ಹಿಡಿದು, ಕೈಬಿಟ್ಟು, ದೂರ ಸರಿದು ನಿಂತೆ. ಅವಳು ಕಣ್ಣಿಟ್ಟಳು. ಬಹಳ ಹೊತ್ತು ಮಾತಾಡಲಿಲ್ಲ. ‘ತಾತ, ಬಳೆ ಕಾಣಿಸ್ತಿದೆ’ ಎಂದಳು. ಗ್ರಹ ಅಂಚಿಗೆ ಬಂದಾಗ, ನಾನು ಹೇಳಿಕೊಡುವ ಮೊದಲೇ ಅವಳ ಕೈ ಕೊಳವೆಯನ್ನು ಮೆಲ್ಲಗೆ ಒತ್ತಿತು. ಆ ಮೇಲೆ ಅವಳೇ ಗುರುವನ್ನು ಹುಡುಕಿಕೊಂಡಳು.

ಗುರು ಶನಿಗಳು ೨೦೪೦ರಲ್ಲಿ, ೨೦೬೦ರಲ್ಲಿ ಮತ್ತೆ ಸಂಧಿಸುತ್ತವೆ. ಆದರೆ ಒಂದು ಡಿಗ್ರಿಗಿಂತ ಹತ್ತಿರಕ್ಕೆ ಬರುವುದಿಲ್ಲ. ನಾವು ಕಳೆದುಕೊಂಡ ಆ ಸಂಜೆಯಷ್ಟು ಸಮೀಪಕ್ಕೆ ಅವು ಬರುವುದು ೨೦೮೦ರ ಮಾರ್ಚಿಯಲ್ಲಿ, ಮುಂಜಾನೆಯ ಆಕಾಶದಲ್ಲಿ. ಆಗ ನನ್ನ ಮೊಮ್ಮಗಳಿಗೆ ಎಪ್ಪತ್ತು ತುಂಬುವ ಸಮಯ. ಇದನ್ನು ಅವಳಿಗೆ ಹೇಳಿದಾಗ ಅವಳು ಕೇಳಿದ್ದು ಒಂದೇ ಪ್ರಶ್ನೆ: ಈ ಪೆಟ್ಟಿಗೆ ಅಲ್ಲಿಯವರೆಗೆ ಬಾಳಿಕೆ ಬರುತ್ತದೆಯೇ ಎಂದು. ಆಚಾರ್ರನ್ನು ವಿಚಾರಿಸಿದೆ. ಪ್ರತಿ ಮಳೆಗಾಲಕ್ಕೆ ಮುಂಚೆ ಒಂದು ಕೈ ಬಣ್ಣ ಹೊಡೆಯುತ್ತಿದ್ದರೆ ಬರುತ್ತದೆ ಎಂದರು. ಈವರೆಗೆ ತಪ್ಪದೆ ಹೊಡೆಯುತ್ತಿದ್ದೇವೆ.